ಮಲೇಷ್ಯಾದಿಂದ ಬ್ರಿಟನ್‌ಗೆ ಸರಕು ತರಿಸುವವರ ಗಮನಕ್ಕೆ: ಒರಿಜಿನ್ ಪತ್ರ ಮೊದಲು, ರಿಯಾಯಿತಿ ಆಮೇಲೆ

ಮಾನ್ಯ ಗ್ರಾಹಕರೇ,

ಬ್ರಿಟನ್ ಸಿಪಿಟಿಪಿಪಿ ಎಂಬ ಪೆಸಿಫಿಕ್ ಸುತ್ತಲಿನ ದೇಶಗಳ ವ್ಯಾಪಾರ ಒಪ್ಪಂದಕ್ಕೆ ಸೇರಿದ ಮೇಲೆ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: "ಡ್ಯೂಟಿ ಹೋಯಿತಲ್ಲ, ಮತ್ತೆ ಬಿಲ್ಲಿನಲ್ಲಿ ಯಾಕೆ ಹಾಕಿದ್ದೀರಿ?" ಉತ್ತರ ಇಷ್ಟೇ: ಒಪ್ಪಂದ ಇದ್ದ ಮಾತ್ರಕ್ಕೆ ಆಮದು ಡ್ಯೂಟಿ ಹೋಗುವುದಿಲ್ಲ, ಸರಕು ಯಾವ ದೇಶದ್ದು ಎಂದು ದೃಢೀಕರಿಸುವ ಒರಿಜಿನ್ ಪತ್ರ ಬೇಕು. ಜೊತೆಗೆ ಕಸ್ಟಮ್ಸ್‌ನಿಂದ ಸರಕು ಬಿಡಿಸುವ ನಮ್ಮ ಕ್ಲಿಯರೆನ್ಸ್ ಕೆಲಸದಲ್ಲಿ ಆಗಿರುವ ಒಂದು ಬದಲಾವಣೆಯನ್ನೂ ತಿಳಿಸಬೇಕಿದೆ.

ಬದಲಾವಣೆ ಇಷ್ಟು. ಒಪ್ಪಂದದ ರಿಯಾಯಿತಿ ಬೇಕಾದರೆ ಸರಕು ಮಲೇಷ್ಯಾದಲ್ಲಿ ಹಡಗು ಹತ್ತುವ ಮೊದಲೇ ಒರಿಜಿನ್ ಪತ್ರ ನಮ್ಮ ಕೈಸೇರಬೇಕು. ಸೇರದಿದ್ದರೆ ಸಾಮಾನ್ಯ ದರದ ಡ್ಯೂಟಿ ಕಟ್ಟಿಯೇ ಸರಕು ಬಿಡಿಸುತ್ತೇವೆ. "ನೀವು ಬಿಡಿಸಿ, ಪತ್ರ ಆಮೇಲೆ ಕಳಿಸುತ್ತೇನೆ" ಎನ್ನುವ ಮಾತಿನ ಮೇಲೆ ಇನ್ನು ರಿಯಾಯಿತಿ ಕೇಳುವುದಿಲ್ಲ. ದರಪಟ್ಟಿಯಲ್ಲಿ ಇನ್ನು ಮುಂದೆ ಎರಡು ಸಾಲು ಇರುತ್ತವೆ: ಪತ್ರ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು.

ಹಿನ್ನೆಲೆ ಚಿಕ್ಕದಾಗಿ: ಹನ್ನೊಂದು ದೇಶಗಳು ಸೇರಿ ಮಾಡಿಕೊಂಡ ಈ ಒಪ್ಪಂದ 2018ರ ಡಿಸೆಂಬರ್ 30ರಂದು ಜಾರಿಗೆ ಬಂತು. ಬ್ರಿಟನ್ 2023ರ ಜುಲೈ 16ರಂದು ಆಕ್ಲೆಂಡ್‌ನಲ್ಲಿ ಸಹಿ ಹಾಕಿತು. ಬ್ರಿಟನ್‌ಗೆ ಅನ್ವಯವಾದದ್ದು 2024ರ ಡಿಸೆಂಬರ್ 15ರಿಂದ. ಆ ಹನ್ನೊಂದರಲ್ಲಿ ಜಪಾನ್, ವಿಯೆಟ್ನಾಂ, ಸಿಂಗಪುರ ಸೇರಿ ಒಂಬತ್ತು ದೇಶಗಳ ಜೊತೆ ಬ್ರಿಟನ್‌ಗೆ ಮೊದಲೇ ಬೇರೆ ಒಪ್ಪಂದಗಳಿದ್ದವು. ಹೊಸದಾಗಿ ಬಾಗಿಲು ತೆರೆದದ್ದು ಮಲೇಷ್ಯಾ ಮತ್ತು ಬ್ರೂನೈಗೆ ಮಾತ್ರ. ಬ್ರೂನೈನಿಂದ ತರಿಸುವವರು ನಮ್ಮಲ್ಲಿ ಯಾರೂ ಇಲ್ಲ, ಹಾಗಾಗಿ ಈ ಸೂಚನೆ ಮುಖ್ಯವಾಗಿ ಮಲೇಷ್ಯಾದಿಂದ ತರಿಸುವವರಿಗೆ. ವಿಯೆಟ್ನಾಂ, ಜಪಾನ್‌ನಿಂದ ತರಿಸುವವರು ಈಗಿನ ಕಾಗದಪತ್ರ ಬದಲಿಸಲು ಅವಸರ ಮಾಡಬೇಡಿ. ಹಳೆಯ ಒಪ್ಪಂದದಲ್ಲೇ ಡ್ಯೂಟಿ ಸೊನ್ನೆ ಇದ್ದರೆ ಅದೇ ಸಾಕು.

ಇನ್ನು ಅಸಲು ವಿಷಯ. ಸರಕು ಎಲ್ಲಿಂದ ಹೊರಟಿತು ಎಂದು ಕಸ್ಟಮ್ಸ್ ನೋಡುವುದಿಲ್ಲ, ಎಲ್ಲಿ ತಯಾರಾಯಿತು ಎಂದು ನೋಡುತ್ತದೆ. ಭಾರತದ ಗೋಡಂಬಿಯನ್ನು ಮಲೇಷ್ಯಾದಲ್ಲಿ ಪ್ಯಾಕ್ ಮಾಡಿದ ಮಾತ್ರಕ್ಕೆ ಅದು ಮಲೇಷ್ಯಾದ್ದಾಗುವುದಿಲ್ಲ. ಆದರೆ ಮಲೇಷ್ಯಾದ ಬಿಸ್ಕತ್ತಿಗೆ ಒಪ್ಪಂದದಲ್ಲಿರುವ ನ್ಯೂಜಿಲೆಂಡ್‌ನ ಬೆಣ್ಣೆ ಬಳಸಿದ್ದರೆ ಆ ಬೆಣ್ಣೆಯೂ ಒಪ್ಪಂದದ ಒಳಗಿನದೇ ಎಂದು ಲೆಕ್ಕ. ಹಲವು ದೇಶಗಳು ಒಟ್ಟಾಗಿ ಒಪ್ಪಂದ ಮಾಡಿಕೊಂಡದ್ದರ ನಿಜವಾದ ಲಾಭ ಇಲ್ಲಿದೆ ಎಂದು ನಮಗೆ ಅನ್ನಿಸುತ್ತದೆ. ಪತ್ರಿಕೆಗಳು ಮಾತ್ರ ಬ್ರಿಟನ್ ಹೊರಗೆ ಮಾರುವ ವಿಸ್ಕಿ, ಕಾರು ಬಿಟ್ಟು ಬೇರೆ ಮಾತಾಡಲಿಲ್ಲ.

ಒರಿಜಿನ್ ಪತ್ರಕ್ಕೆ ಗೊತ್ತುಪಡಿಸಿದ ನಮೂನೆ ಇಲ್ಲ. ಯಾರು ದೃಢೀಕರಿಸುತ್ತಿದ್ದಾರೆ, ತಯಾರಕರು ಮತ್ತು ರಫ್ತುದಾರರು ಯಾರು, ಸರಕಿನ ವಿವರ, ಸರಕಿನ ವರ್ಗ ತಿಳಿಸುವ ಆರಂಕಿಯ ಎಚ್‌ಎಸ್ ಕೋಡ್, ಯಾವ ಮಾನದಂಡದಂತೆ ಅದು ಮಲೇಷ್ಯಾದ್ದು, ಸಹಿ, ತಾರೀಖು, ಇಷ್ಟು ಇರಬೇಕು. ಒಂದೇ ಸರಕು ಪದೇಪದೇ ಬರುವುದಾದರೆ ಹನ್ನೆರಡು ತಿಂಗಳವರೆಗಿನ ಸಾಗಣೆಗಳಿಗೆಲ್ಲ ಒಂದೇ ಪತ್ರ ಬರೆಸಿಕೊಳ್ಳಬಹುದು. ಹೆಚ್ಚಿನವರಿಗೆ ಇದೇ ಅನುಕೂಲ.

ದಾರಿಯಲ್ಲೂ ಎಚ್ಚರ ಬೇಕು. ಕಂಟೇನರ್ ನೆದರ್‌ಲ್ಯಾಂಡ್ಸ್‌ನ ರಾಟರ್ಡ್ಯಾಮ್ ಬಂದರಿನಲ್ಲಿ ಇಳಿದು, ಅಲ್ಲಿನ ಕಸ್ಟಮ್ಸ್ ನಿಗಾದಲ್ಲೇ ಇದ್ದು, ಮತ್ತೆ ಹಡಗು ಹತ್ತಿದರೆ ತೊಂದರೆ ಇಲ್ಲ. ಅಲ್ಲಿ ಡ್ಯೂಟಿ ಕಟ್ಟಿ ಬಿಡಿಸಿ, ಗೋದಾಮಿನಲ್ಲಿಟ್ಟು, ಬೇಕಾದಾಗ ಅರ್ಧರ್ಧ ತರಿಸಿಕೊಂಡರೆ ರಿಯಾಯಿತಿ ಹೋಯಿತು. ಯುರೋಪಿನ ಸಗಟು ವ್ಯಾಪಾರಿಗಳಿಂದ ಕೊಳ್ಳುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಇಷ್ಟು ಬಿಗಿ ಯಾಕೆಂದರೆ, ರಿಯಾಯಿತಿ ಕೇಳುವುದು ಆಮದುದಾರರಾದ ನಿಮ್ಮ ಹೆಸರಿನಲ್ಲಿ. ಆಮದಾದ ದಿನದಿಂದ ಐದು ವರ್ಷ ದಾಖಲೆ ಇಟ್ಟುಕೊಳ್ಳಬೇಕೆಂದು ಒಪ್ಪಂದವೇ ಹೇಳುತ್ತದೆ. ತಪಾಸಣೆ ಬಂದಾಗ ಕಾಗದ ಇಲ್ಲದಿದ್ದರೆ ಬಾಕಿ ಡ್ಯೂಟಿ ನಿಮ್ಮ ತಲೆಯ ಮೇಲೆ. ಪತ್ರ ತಡವಾಗಿ ಬಂದರೆ ದಾರಿಯೇ ಇಲ್ಲ ಎಂದಲ್ಲ, ಹೆಚ್ಚಾಗಿ ಕಟ್ಟಿದ್ದನ್ನು ಮರಳಿ ಕೇಳಬಹುದು. ಸರಕು ಬಂದು ಒಂದು ವರ್ಷ ತುಂಬುವ ಮೊದಲೇ ಪತ್ರ ಕಳಿಸಿ.

ವ್ಯಾಟ್ ಎಂದಿನಂತೆ ಇರುತ್ತದೆ, ಒಪ್ಪಂದಕ್ಕೂ ಅದಕ್ಕೂ ಸಂಬಂಧವಿಲ್ಲ. ಭಾರತ ಈ ಒಪ್ಪಂದದಲ್ಲಿ ಇಲ್ಲ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ್ದು ಬೇರೆಯೇ ಒಪ್ಪಂದ, ಅದರ ನಿಯಮಗಳೂ ಬೇರೆ.

ಈಗಾಗಲೇ ಬುಕ್ ಆಗಿರುವ ಕಂಟೇನರ್‌ಗಳಿಗೆ ಹಳೆಯ ಕ್ರಮವೇ ನಡೆಯುತ್ತದೆ. ಮುಂದಿನ ಬುಕಿಂಗ್‌ಗೆ ಮೊದಲು ನಿಮ್ಮ ಸರಬರಾಜುದಾರರಿಂದ ಪತ್ರದ ಕರಡು ತರಿಸಿ ನಮಗೆ ಕಳಿಸಿದರೆ ಶುಲ್ಕವಿಲ್ಲದೆ ನೋಡಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಆಮದು ಕ್ಲಿಯರೆನ್ಸ್ ವಿಭಾಗ