ಗಾಯನವೃಂದದ ಸದಸ್ಯರಿಗೆ: ಭಾನುವಾರದ ಚರ್ಚೆ

ಎಲ್ಲರಿಗೂ ಕ್ರಿಸ್ತನ ಹೆಸರಿನಲ್ಲಿ ವಂದನೆಗಳು. ಆರಾಧನೆಯಲ್ಲಿ ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಬಳಸುವ ಬಗ್ಗೆ ಎದ್ದಿರುವ ಭಿನ್ನಾಭಿಪ್ರಾಯವನ್ನು ಬರುವ ಭಾನುವಾರ ಆರಾಧನೆ ಮುಗಿದ ಕೂಡಲೇ ಚರ್ಚಿಸಲಿರುವುದರಿಂದ, ಹಾಡುವವರೂ ವಾದ್ಯ ನುಡಿಸುವವರೂ ತಪ್ಪದೆ ಉಳಿದುಕೊಳ್ಳಬೇಕಾಗಿ ವಿನಂತಿ.

ಸಂಗೀತದ ಶೈಲಿಗೇ ಒಳಿತು ಕೆಡುಕು ಅಂಟಿಕೊಂಡಿರುತ್ತದೆಯೇ, ಅಥವಾ ಕೇಳುವವರ ನೆನಪು, ರೂಢಿಗಳು ಅದಕ್ಕೆ ಆ ಅರ್ಥವನ್ನು ಹಚ್ಚುತ್ತವೆಯೇ ಎಂಬುದೇ ಮುಖ್ಯ ಪ್ರಶ್ನೆ. 1903ರಲ್ಲಿ ಹತ್ತನೆಯ ಪಯಸ್ ಪೋಪರು ಚರ್ಚಿನಲ್ಲಿ ಪಿಯಾನೊವನ್ನೂ ನಿಷೇಧಿಸಿದ್ದರು. ಬೈಬಲಿನ 150ನೆಯ ಕೀರ್ತನೆಯಾದರೋ ದಮ್ಮಡಿ, ತಾಳಗಳಿಂದಲೂ ದೇವರನ್ನು ಸ್ತುತಿಸಲು ಹೇಳುತ್ತದೆ. (ನನ್ನ ಮಟ್ಟಿಗೆ, ಪದಗಳೇ ಕೇಳಿಸದಷ್ಟು ಜೋರಾದ ಯಾವ ವಾದ್ಯವೂ ತೊಡಕೇ, ಅದು ಆರ್ಗನ್ ಆಗಿದ್ದರೂ.)

ತಮಗೆ ಒಪ್ಪಿಗೆಯಾಗುವ ಒಂದು ಹಾಡನ್ನೂ ಮುಜುಗರವೆನಿಸುವ ಒಂದು ಹಾಡನ್ನೂ ಕಾರಣಸಹಿತ ಬರೆದು ತರಬೇಕು. ವಾದವನ್ನು ಇಲ್ಲಿ ಆರಂಭಿಸದೆ, ಬರುವವರು ಗುರುವಾರದೊಳಗೆ ‘ಬರುತ್ತೇನೆ’ ಎಂದಷ್ಟೇ ಉತ್ತರಿಸಿರಿ.