ಹದಿನೈದು ನಿಮಿಷ ಕಾಯುವ ವಿಚಾರವಾಗಿ ಅಳಿಯನಿಗೆ

ಡೊಂಬಿವಲಿ

ಚಿ. ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಪುಣೆ ಬಳಿಯ ಹಿಂಜವಡಿಯ ಬಸ್ ಡಿಪೋದಲ್ಲಿ ಬೆಳಗಿನ ಪಾಳಿಯ ಡ್ರೈವರುಗಳು ಕುಡಿದಿದ್ದಾರೆಯೇ ಎಂದು ಯಂತ್ರಕ್ಕೆ ಊದಿಸಿ ನೋಡುವ ಉಸಿರು ಪರೀಕ್ಷೆಯ ಹೊಣೆ ನಿನಗೆ ಬಂದಿರುವುದು ಪತ್ರದಿಂದ ತಿಳಿಯಿತು. ನೀವು ಬಸ್ ಒದಗಿಸುವ ಅಮೆರಿಕದ ಕಂಪನಿಯವರು ತಮ್ಮ ದೇಶದ ಸಾರಿಗೆ ಇಲಾಖೆಯ ‘ಪಾರ್ಟ್ 40’ ಎಂಬ ನಿಯಮವನ್ನೇ ಪಾಲಿಸಲು ಹೇಳಿದ್ದಾರೆಂದೂ, ಅದರಂತೆ ಯಂತ್ರ ಕೂಗಿದ ಮೇಲೆ 15 ನಿಮಿಷ ಕಾಯುತ್ತ ಕುಳಿತರೆ ಐದೂವರೆಯ ಬಸ್ಸು ಹೊರಡುವುದು ಯಾವಾಗ ಎಂದೂ ಕೇಳಿದ್ದೀಯೆ. ಬಸ್ಸನ್ನು ಬೇರೆ ಡ್ರೈವರನ ಕೈಗೆ ಕೊಟ್ಟು ಕಳುಹಿಸು; ಕಾಯುವುದನ್ನು ಮಾತ್ರ ಬಿಡಬೇಡ.

ನಾನು ಪನವೇಲ ಕಡೆಯ ಒಂದು ಸಾಗಾಣಿಕೆ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದಾಗ, ವಿಜಯಪುರದ ಕಡೆಯ ಹಿರಿಯ ಡ್ರೈವರೊಬ್ಬರು ಹಲ್ಲುನೋವಿಗೆಂದು ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿ, ನೆಟ್ಟಗೆ ಬಂದು ಊದಿದರು. ಯಂತ್ರ ಕೂಗಿತು. ನಾನು ಹತ್ತಾರು ಜನರ ಎದುರಿಗೇ ಕೀಲಿಕೈ ಕಸಿದುಕೊಂಡು ಆಡಬಾರದ ಮಾತನ್ನಾಡಿದೆ; ‘ಸಾಹೇಬ್ರ, ಇನ್ನೊಂದ್ಸಲ ಊದ್ತೀನ್ರಿ’ ಎಂದು ಅವರು ಕೇಳಿಕೊಂಡರೂ ಕಿವಿಗೊಡಲಿಲ್ಲ. ಅರ್ಧ ಗಂಟೆಯ ಮೇಲೆ ಮ್ಯಾನೇಜರ್ ಬಂದು ಊದಿಸಿದಾಗ ಸೊನ್ನೆ ಬಂತು. ಆಮೇಲೂ ಅವರು ಆರು ವರ್ಷ ನಮ್ಮಲ್ಲೇ ದುಡಿದರು, ಆದರೆ ನನ್ನ ಕೈಯಿಂದ ಒಂದು ಕಪ್ ಚಹಾ ತೆಗೆದುಕೊಳ್ಳಲಿಲ್ಲ.

ಮೌತ್‌ವಾಶ್, ಕೆಮ್ಮಿನ ಔಷಧಿ, ಹೋಮಿಯೋಪತಿಯ ಹನಿಗಳು ಇವೆಲ್ಲ ಬಾಯಲ್ಲಿ ಬಿಟ್ಟುಹೋಗುವ ಮದ್ಯಸಾರ ಸುಮಾರು ಕಾಲು ಗಂಟೆಯಲ್ಲಿ ಆರಿಹೋಗುತ್ತದೆ. ರಕ್ತದಿಂದ ಶ್ವಾಸಕೋಶಕ್ಕೆ ಬರುವುದು ಹಾಗೆ ಹೋಗುವುದಿಲ್ಲ. ಆದ್ದರಿಂದಲೇ ಮೊದಲ ಊದಿನಲ್ಲಿ ಯಂತ್ರ ತೋರಿಸುವ ಮದ್ಯಸಾರದ ಅಂಕಿ 0.02 ಅಥವಾ ಹೆಚ್ಚು ಬಂದರೆ ಕನಿಷ್ಠ 15 ನಿಮಿಷ ಬಿಟ್ಟು, 30 ನಿಮಿಷ ಮೀರುವುದರೊಳಗೆ, ಎರಡನೆಯ ಸಲ ಊದಿಸಬೇಕು. ಆ ಅವಧಿಯಲ್ಲಿ ಡ್ರೈವರನು ಏನನ್ನೂ ತಿನ್ನಬಾರದು, ಕುಡಿಯಬಾರದು, ಗುಟ್ಕಾ ಸಹ ಬಾಯಿಗೆ ಹಾಕಬಾರದು, ಸಾಧ್ಯವಾದಷ್ಟು ತೇಗಲೂ ಬಾರದು. ಅವನನ್ನು ಯಾರಾದರೂ ನೋಡುತ್ತಲೇ ಇರಬೇಕು. ಎರಡನೆಯ ಊದಿಗೆ ಮುಂಚೆ ಯಂತ್ರಕ್ಕೆ ಬರಿಯ ಗಾಳಿಯನ್ನು ತೋರಿಸಿ 0.00 ಬಂದಿತೆಂದು ಅವನ ಕಣ್ಣೆದುರಿಗೇ ಖಚಿತಪಡಿಸಿ, ಹೊಸ ನಳಿಕೆ ಹಾಕು. ತೀರ್ಮಾನಕ್ಕೆ ಬರುವುದು ಎರಡನೆಯ ಅಂಕಿಯೊಂದೇ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಯಂತ್ರ ಹಿಡಿಯುವ ಅಭ್ಯಾಸ ನಿನಗಿದ್ದರೆ ಅದನ್ನೂ ಬಿಡು, ಅದರ ಆವಿಯೂ ಮದ್ಯಸಾರವೇ.

ಒಂದು ಕಡೆ ನೀನು ಎಡವಬಹುದು. ಅಮೆರಿಕದ ಆ ನಿಯಮದಲ್ಲಿ 0.04 ಮುಟ್ಟಿದರೆ ಉಲ್ಲಂಘನೆ, 0.02ರಿಂದ 0.039ರವರೆಗೆ ಬಂದವನನ್ನು ಸದ್ಯಕ್ಕೆ ಕೆಲಸದಿಂದ ಇಳಿಸುತ್ತಾರೆ, ಅಷ್ಟೆ. ಅವರ 0.04 ಎಂದರೆ ನಮ್ಮ ಲೆಕ್ಕದಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 40 ಮಿಲಿಗ್ರಾಂ. ಆದರೆ ಇಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 30 ಮಿಲಿಗ್ರಾಂ ದಾಟಿದವನು ಆಗಲೇ ಅಪರಾಧಿ. 2019ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಂದರೆ 0.035 ಬಂದವನು ಆ ಕಂಪನಿಯ ಹಾಳೆಯಲ್ಲಿ ಉಲ್ಲಂಘನೆಗೆ ಸಿಕ್ಕದೆ, ಈ ನೆಲದ ಕಾನೂನಿಗೆ ಸಿಕ್ಕಿಬೀಳುತ್ತಾನೆ. ನನ್ನ ಮಾತು ಕೇಳುವುದಾದರೆ, ಎರಡನೆಯ ಊದಿನಲ್ಲಿ ಸೊನ್ನೆಯ ಹೊರತು ಏನೇ ಬಂದರೂ ಆ ದಿನ ಕೀಲಿಕೈ ಕೊಡಬೇಡ.

ಬೆಳಗಿನ ಪಾಳಿಯಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ರಾತ್ರಿ ಕುಡಿದು ಮಲಗಿ ಎದ್ದವರೇ. ತಾವು ಕುಡಿದಿಲ್ಲವೆಂದು ಅವರು ಮನಃಪೂರ್ವಕವಾಗಿ ನಂಬಿರುತ್ತಾರೆ. ದೇಹವು 100 ಮಿಲಿಲೀಟರ್ ರಕ್ತದಲ್ಲಿನ ಮದ್ಯಸಾರವನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆಂದು ಹಿಡಿದರೆ, ನಡುರಾತ್ರಿ 120 ಇದ್ದವನಲ್ಲಿ ಬೆಳಗಿನ ಐದಕ್ಕೆ 45 ಉಳಿದಿರುತ್ತದೆ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಭೀಮನ ಅಮಾವಾಸ್ಯೆಯ ಪೂಜೆ ಮಾಡುವ ದಿನವೇ ಇಲ್ಲಿನವರಿಗೆ ಗಟಾರಿ, ಅಂದರೆ ಶ್ರಾವಣ ಹಿಡಿಯುವ ಮುಂಚೆ ಕುಡಿದು ತಿಂದು ಮುಗಿಸುವ ಅಮಾವಾಸ್ಯೆ. ಮಾರನೆಯ ಬೆಳಿಗ್ಗೆ ಇಬ್ಬರು ಹೆಚ್ಚುವರಿ ಡ್ರೈವರುಗಳನ್ನು ಸಿದ್ಧವಾಗಿಟ್ಟುಕೋ, ಹಿಂದಿನ ಸಂಜೆಯೇ ಎಲ್ಲರಿಗೂ ಈ ಲೆಕ್ಕವನ್ನು ಹೇಳು.

ಊದಲು ಒಪ್ಪದವನನ್ನು ಆ ನಿಯಮ ಸಿಕ್ಕಿಬಿದ್ದವನಂತೆಯೇ ಕಾಣುತ್ತದೆ. ಉಬ್ಬಸದಿಂದ ಊದಲಾರದವನ ಮಾತು ಬೇರೆ. ಅವನನ್ನು ವೈದ್ಯರ ಬಳಿ ಕಳುಹಿಸು, ನಿರಾಕರಿಸಿದನೆಂದು ಬರೆಯಬೇಡ. ಪರೀಕ್ಷೆಗೆ ಒಂದು ಬಾಗಿಲಿರುವ ಕೋಣೆ ಕೇಳಿ ಪಡೆ. ಯಾರನ್ನು ಊದಿಸಬೇಕೆಂಬುದನ್ನು ಚೀಟಿ ಎತ್ತಿ ಆರಿಸುವ ದಿನ ನಿನ್ನ ಮನಸ್ಸಿಗಾಗದವರ ಹೆಸರೇ ಮೇಲೆ ಬರದಿರಲಿ.

ಪ್ರತಿದಿನ ಮೊದಲು ನೀನೇ ಊದು, ನೋಂದಣಿ ಪುಸ್ತಕದ ಮೊದಲ ಸಾಲಿನಲ್ಲಿ ನಿನ್ನ ಹೆಸರನ್ನೂ ಅಂಕಿಯನ್ನೂ ಬರೆದು ಸಹಿ ಹಾಕು. ಯಂತ್ರವನ್ನು ಕೊನೆಯ ಸಲ ತಪಾಸಣೆ ಮಾಡಿಸಿದ ಪ್ರಮಾಣಪತ್ರದ ತಾರೀಖು ಯಾವುದೆಂದು ಮುಂದಿನ ಪತ್ರದಲ್ಲಿ ತಿಳಿಸು. ಅಕ್ಕನಿಗೆ ನನ್ನ ನಮಸ್ಕಾರ.

ಇಂತಿ,
ನಿನ್ನ ಸೋದರಮಾವ