ಸಂಶೋಧನೆ ಕಪಾಟಿನಿಂದ ಹೊರಗೆ ಬರಲಿ

ಮಾನ್ಯರೇ,

ಮುಂಬಯಿ ವಿಶ್ವವಿದ್ಯಾಲಯ ಶುರುವಾಗಿದ್ದು 1857ರಲ್ಲಿ. ಕಲೀನಾದಲ್ಲಿ ಅದರ ಕನ್ನಡ ವಿಭಾಗವೂ ಇದೆ. ಇಲ್ಲಿನ ಕನ್ನಡಿಗರಿಗೆ ಅದೊಂದು ಹೆಮ್ಮೆ.

ನನ್ನ ಅಪ್ಪ ಹಗಲು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಓದಿದವರು. ಎಷ್ಟು ತೊಳೆದರೂ ಕೈಗೆ ಅಂಟಿದ ಸಾಂಬಾರಿನ ವಾಸನೆ ಹೋಗುತ್ತಿರಲಿಲ್ಲವಂತೆ. ಪಕ್ಕದ ಹುಡುಗ ಮೂಗು ಮುಚ್ಚುತ್ತಿದ್ದನಂತೆ. (ಅವನೂ ಹೋಟೆಲಿನವನೇ!) ಇಂಥ ಬದುಕಿನ ಮೇಲೆ ಪಿಎಚ್‌ಡಿ ಪ್ರಬಂಧ ಬಂದರೆ ಸಂತೋಷ. ಆದರೆ ಓದುವವರು ಪರೀಕ್ಷಕರು ಮಾತ್ರ ಆದರೆ ಏನು ಬಂತು? ರಾಜ್ಯದ ವಿಶ್ವವಿದ್ಯಾಲಯಕ್ಕೆ ನಮ್ಮ ತೆರಿಗೆ ಹಣವೂ ಹೋಗುತ್ತದೆ ಅಲ್ವಾ? ಯಾವ ವಿಭಾಗದವರೇ ಆಗಲಿ, ತಿಂಗಳಿಗೊಂದು ಭಾನುವಾರ ಮಾಟುಂಗ, ಡೊಂಬಿವಲಿಯ ಕನ್ನಡ ಸಂಘಗಳಿಗೆ ಬಂದು ತಾವು ಕಂಡುಕೊಂಡಿದ್ದನ್ನು ಸುಮ್ನೆ ಕೂತು ಹೇಳಲಿ. ಚಹಾ, ಬನ್ಸ್ ನಮ್ಮದು.

– ಓದುಗ, ಡೊಂಬಿವಲಿ